ಗೋಸುಂಬಿಗೆ ಬಲ್ಬ್ ಬೇಡ, ರಾತ್ರಿ ಬೇಕು

ನಾವು ನಾಲ್ಕು ಜನ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಊರಿಗೊಬ್ಬರಂತೆ ಬಂದು ಹಾಸ್ಟೆಲಿನ ಒಂದೇ ರೂಮಿಗೆ ಬಿದ್ದಿದ್ದೇವೆ. ಹೋದ ಚಳಿಗಾಲದ ರಜೆಯಲ್ಲಿ ನಾವು ಸೇರಿ ಒಂದು ತಪ್ಪು ಮಾಡಿದೆವು. ಅದನ್ನು ಯಾರಿಗೂ ಹೇಳಬಾರದು ಅಂತ ಮಾತಾಡಿಕೊಂಡಿದ್ದೆವು. ಆದರೆ ಈ ಡಿಸೆಂಬರಿನಲ್ಲಿ ಪಕ್ಕದ ಬ್ಲಾಕಿನವರೊಬ್ಬರು ಬಂದು, "ಊರಾಗ ಒಂದು ಗೋಸುಂಬಿ ಹಿಡಿದೀವಿ, ರಾತ್ರಿ ಬೆಚ್ಚಗ ಇಡೋದು ಹೆಂಗ?" ಅಂತ ಕೇಳಿದರು. ನಾವು ಸುಮ್ಮನಿದ್ದರೆ ಇನ್ನೊಂದು ಜೀವಕ್ಕೂ ಅದೇ ಗತಿ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇವೆ.

ನಮ್ಮದು ಇಂಗ್ಲಿಷ್ ಮೀಡಿಯಂ ಕನ್ನಡ. ಒತ್ತಕ್ಷರ ತಪ್ಪಿದ್ದರೆ ಕ್ಲಬ್ಬಿನವರು ತಿದ್ದಿರುತ್ತಾರೆ. ವಿಷಯದಲ್ಲಿ ತಪ್ಪಿದ್ದರೆ ನಮ್ಮನ್ನೇ ಬೈಯಿರಿ.

ಎಳ್ಳ ಅಮಾವಾಸ್ಯೆಗೆ ನಾಲ್ವರೂ ಸವದತ್ತಿ ಗೆಳೆಯನ ಹೊಲಕ್ಕೆ ಚರಗ ಚೆಲ್ಲಲು ಹೋಗಿದ್ದೆವು. ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ ಎಲ್ಲಾ ಆಯ್ತು. ಬಿಳಿಜೋಳ ಎದೆಮಟ್ಟ ಬೆಳೆದಿತ್ತು. ಬದುವಿನ ಬಾರಿ ಗಿಡದ ಹತ್ತಿರ ಸಣ್ಣ ಹುಡುಗರು ಕಲ್ಲು ತೂರುತ್ತಿದ್ದರು. ನೋಡಿದರೆ ಒಂದು ಗೋಸುಂಬಿ. "ಅದು ಉಸುರು ಬಿಟ್ರ ವಿಷ ಏರತೈತ್ರಿ" ಅಂದ ಒಬ್ಬ ಹುಡುಗ. ಗೋಸುಂಬಿಗೆ ವಿಷವೂ ಇಲ್ಲ, ಅಂಥ ಉಸಿರೂ ಇಲ್ಲ. ಹುಡುಗರನ್ನು ಓಡಿಸಿದೆವು. ಅಲ್ಲಿಯವರೆಗೆ ನಾವು ಮಾಡಿದ್ದು ಸರಿ.

ತಪ್ಪು ಆಮೇಲೆ ಶುರುವಾಯಿತು. ಸಂಜೆ ಆಗುತ್ತಿದ್ದಂತೆ ಥಂಡಿ ಏರಿತು. ನಾವು ಸ್ವೆಟರ್ ಹಾಕಿಕೊಂಡೆವು. ಹಾಕಿಕೊಳ್ಳುತ್ತಲೇ ನಮ್ಮಲ್ಲೊಬ್ಬರು, "ಪಾಪ, ಇದಕ್ಕ ಸ್ವೆಟರ್ ಇಲ್ಲ" ಅಂದರು. ಎಲ್ಲರೂ ನಕ್ಕೆವು. ನಕ್ಕವರೇ ಅದನ್ನು ರೊಟ್ಟಿ ಬುಟ್ಟಿಯಲ್ಲಿ ಇಟ್ಟುಕೊಂಡು ಬೈಲಹೊಂಗಲದ ಮನೆಗೆ ತಂದೆವು. ಅಲ್ಲಿ ಅಟ್ಟದ ರೂಮು ಖಾಲಿ ಇತ್ತು, ಮಿನಿ ಪ್ರಾಜೆಕ್ಟಿನ ಸಾಮಾನೂ ಇತ್ತು.

ಟಿವಿ ಬಂದಿದ್ದ ರಟ್ಟಿನ ಡಬ್ಬಿ, ಒಂದು 60 ವ್ಯಾಟ್ ಬಲ್ಬು, ಆರ್ಡುಯಿನೋ, ರಿಲೇ, ಉಷ್ಣಾಂಶ ಮತ್ತು ಆರ್ದ್ರತೆ ಎರಡನ್ನೂ ಅಳೆಯುವ ಒಂದು ಸೆನ್ಸರ್. ಒಂದೇ ರಾತ್ರಿಯಲ್ಲಿ ಥರ್ಮೋಸ್ಟ್ಯಾಟ್ ರೆಡಿ. ಸೆಟ್‌ಪಾಯಿಂಟ್ 30 ಡಿಗ್ರಿ. ಕೆಳಗಿಳಿದರೆ ಬಲ್ಬು ಆನ್, ಮೇಲೇರಿದರೆ ಆಫ್. ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಗ್ರಾಫ್ ಬಹುತೇಕ ನೇರ ಗೆರೆ. ಕಂಟ್ರೋಲ್ ಸಿಸ್ಟಮ್ ಇನ್ನೂ ಓದದ ನಮಗೆ ಎಷ್ಟು ಹೆಮ್ಮೆ ಆಯ್ತು ಅಂದ್ರೆ, ಆ ಗ್ರಾಫಿನ ಫೋಟೊವನ್ನೇ ಸ್ಟೇಟಸ್ ಹಾಕಿದೆವು. ಗೋಸುಂಬಿಯನ್ನು ಯಾರೂ ಸರಿಯಾಗಿ ನೋಡಲಿಲ್ಲ.

ಎರಡನೇ ದಿನ ಅದು ಮಿಡತೆ ಮುಟ್ಟಲಿಲ್ಲ. ಮೂರನೇ ದಿನ ಬಟ್ಟಲಲ್ಲಿ ನೀರಿಟ್ಟೆವು, ಅದರ ಕಡೆ ತಿರುಗಲೂ ಇಲ್ಲ. ನಾಲ್ಕನೇ ದಿನ ಒದ್ದೆ ಬಟ್ಟೆ ತೂಗುಹಾಕಿ ಬಲ್ಬನ್ನು ಇನ್ನಷ್ಟು ಹತ್ತಿರ ತಂದೆವು. ಐದನೇ ಬೆಳಿಗ್ಗೆ ಅದರ ಕಣ್ಣಿನ ಗೋಪುರ ಒಳಗೆ ಕುಸಿದಿತ್ತು. ಮೈ ಕಪ್ಪಾಗಿತ್ತು. ಕಡ್ಡಿಯನ್ನು ಹಿಡಿದ ಕಾಲಿನಲ್ಲಿ ಬಿಗಿ ಇರಲಿಲ್ಲ. ಪರಿಚಯದ ಪಶುವೈದ್ಯರೊಬ್ಬರಿಗೆ ತೋರಿಸಿದೆವು. ಅವರು ಡಬ್ಬಿಯೊಳಗೆ ಕೈ ಹಾಕಿ ನೋಡಿ ಕೇಳಿದ್ದು ಒಂದೇ ಮಾತು: "ರಾತ್ರಿನೂ ಹಿಂಗ ಇಡ್ತೀರೇನು?"

ನಮ್ಮ ಮಟ್ಟಿಗೆ ಈ ಲೇಖನದ ವಿಷಯವೆಲ್ಲ ಆ ಒಂದು ಪ್ರಶ್ನೆಯಲ್ಲೇ ಇದೆ.

ನಮ್ಮ ಕಡೆ ಥಂಡಿ ಅಂದರೆ ಕೌದಿ. ಬನದ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಬಂದವರು ಟ್ರ್ಯಾಕ್ಟರ್ ಕೆಳಗೆ ಕೌದಿ ಹೊದ್ದು ಮಲಗುವುದನ್ನು ಎಲ್ಲರೂ ನೋಡಿದ್ದೇವೆ. ಆದರೆ ಕೌದಿಯಲ್ಲಿ ಬಿಸಿ ಇರೋದಿಲ್ಲ. ಬಿಸಿ ಇರೋದು ನಮ್ಮ ಮೈಯಲ್ಲಿ. ಅದು ಹೊರಗೆ ಹೋಗದ ಹಾಗೆ ಕೌದಿ ತಡೆಯುತ್ತದೆ, ಅಷ್ಟೆ. ನಾವು ತಿಂದ ರೊಟ್ಟಿಯ ದೊಡ್ಡ ಪಾಲು ಮೈಯನ್ನು 37 ಡಿಗ್ರಿಯಲ್ಲಿ ಇಡಲಿಕ್ಕೇ ಖರ್ಚಾಗುತ್ತದೆ. ಗೋಸುಂಬಿ ಆ ಖರ್ಚನ್ನೇ ಇಟ್ಟುಕೊಂಡಿಲ್ಲ. ಹೊರಗೆ 15 ಡಿಗ್ರಿ ಇದ್ದರೆ ಅದರ ಮೈಯೂ ಹೆಚ್ಚು ಕಡಿಮೆ 15. ಬೆಳಿಗ್ಗೆ ಬಿಸಿಲಿಗೆ ಬಂದು, ಮೈಯನ್ನು ಅಗಲ ಮಾಡಿ, ಬಣ್ಣ ಗಾಢ ಮಾಡಿಕೊಂಡು ಕಾಯಿಸಿಕೊಳ್ಳುತ್ತದೆ. ಬಣ್ಣ ಬದಲಿಸುವುದು ಬರೀ ಅಡಗಿಕೊಳ್ಳಲಿಕ್ಕೆ ಅಂತ ನಾವು ಶಾಲೆಯಲ್ಲಿ ಕಲಿತದ್ದು ಅರ್ಧ ಸತ್ಯ. ಬಿಸಿಲು ಕಾಯಿಸಲು, ಸಿಟ್ಟು ತೋರಿಸಲು, ಜೋಡಿಗೆ ಸುದ್ದಿ ಹೇಳಲು ಕೂಡ ಅದು ಬಣ್ಣ ಬದಲಿಸುತ್ತದೆ.

ಅಂದರೆ ಚಳಿಯ ರಾತ್ರಿ ಅದಕ್ಕೆ ಶಿಕ್ಷೆ ಅಲ್ಲ, ಎಂಜಿನ್ ಆಫ್ ಮಾಡುವ ಹೊತ್ತು. ಹಲ್ಲಿ ಜಾತಿಯ ಪ್ರಾಣಿಗಳಲ್ಲಿ ಮೈಯ ಬಿಸಿ 10 ಡಿಗ್ರಿ ಏರಿದರೆ ಒಳಗಿನ ಖರ್ಚು ಸುಮಾರಾಗಿ ಎರಡು ಮೂರು ಪಟ್ಟು ಏರುತ್ತದೆ. ನಾವು 30ರಲ್ಲಿ ಇಟ್ಟ ಐದು ರಾತ್ರಿಗಳೂ ಅದರ ಎಂಜಿನ್ ಓಡುತ್ತಲೇ ಇತ್ತು. ಟ್ಯಾಂಕಿಗೆ ಏನೂ ಹಾಕಿರಲಿಲ್ಲ. ಮೇಲಾಗಿ ನಿಮಿಷಕ್ಕೊಮ್ಮೆ ಆನ್ ಆಗಿ ಆಫ್ ಆಗುವ ಬೆಳಕು. ಕತ್ತಲಿಲ್ಲದೆ ಅದು ಸರಿಯಾಗಿ ನಿದ್ದೆ ಮಾಡೋದಿಲ್ಲ. "ರಾತ್ರಿಯ ಬಲ್ಬು" ಅಂತ ಮಾರುವ ಕೆಂಪು, ನೀಲಿ ಬಲ್ಬುಗಳೂ ಅದರ ಕಣ್ಣಿಗೆ ಬೆಳಕೇ.

ಎರಡನೇ ತಪ್ಪು ಇನ್ನೂ ನಾಚಿಕೆಯದು, ಯಾಕಂದರೆ ಅದು ನಮ್ಮ ಸಿಲಬಸ್ಸಿನದೇ. "ಸಾಪೇಕ್ಷ ಆರ್ದ್ರತೆ" ಅನ್ನುವ ಪದ ಈ ಲೇಖನ ಬರೆಯುವಾಗ ಗೊತ್ತಾಯಿತು, ಕ್ಲಾಸಿನಲ್ಲಿ ಅದು ರಿಲೇಟಿವ್ ಹ್ಯುಮಿಡಿಟಿ. ಆ ಉಷ್ಣಾಂಶದಲ್ಲಿ ಗಾಳಿ ಎಷ್ಟು ನೀರಾವಿ ಹಿಡಿಯಬಲ್ಲದೋ, ಅದರಲ್ಲಿ ಶೇಕಡಾ ಎಷ್ಟು ಹಿಡಿದಿದೆ ಅನ್ನುವ ಲೆಕ್ಕ ಅದು. ಗಾಳಿ ಬಿಸಿಯಾದಷ್ಟೂ ಪಾತ್ರೆ ದೊಡ್ಡದಾಗುತ್ತದೆ, ನೀರು ಮಾತ್ರ ಅಷ್ಟೇ ಇರುತ್ತದೆ.

ಹೊರಗೆ ಬೆಳಗಿನ ಜಾವ 15 ಡಿಗ್ರಿ, ಆರ್ದ್ರತೆ ಶೇ. 90 ಅಂದುಕೊಳ್ಳೋಣ. 15 ಡಿಗ್ರಿಯಲ್ಲಿ ನೀರಾವಿಯ ಪರ್ಯಾಪ್ತ ಒತ್ತಡ ಸುಮಾರು 17 ಹೆಕ್ಟೊಪ್ಯಾಸ್ಕಲ್. ಅದರ ಶೇ. 90 ಅಂದರೆ 15.3. ಅದೇ ಗಾಳಿಯನ್ನು ಡಬ್ಬಿಯೊಳಗೆ 30 ಡಿಗ್ರಿಗೆ ಕಾಯಿಸಿ. ಅಲ್ಲಿ ಪರ್ಯಾಪ್ತ ಒತ್ತಡ 42.4. 15.3 ಭಾಗಿಸು 42.4 ಅಂದರೆ ಶೇ. 36. ಹೊರಗೆ ಇಬ್ಬನಿ ಬೀಳುತ್ತಿದ್ದ ಹೊತ್ತಿನಲ್ಲಿ ನಮ್ಮ ಡಬ್ಬಿಯೊಳಗೆ ಏಪ್ರಿಲ್ ತಿಂಗಳ ಮಧ್ಯಾಹ್ನ. ಒಂದು ಹನಿ ನೀರನ್ನೂ ತೆಗೆಯದೆ ಬರೀ ಬಿಸಿಯಿಂದ ಬರ ಸೃಷ್ಟಿಸಿದ್ದೆವು. ಉಸಿರಾಡಿದಷ್ಟೂ ಅದರ ಮೈಯ ನೀರು ಹೊರಗೆ ಹೋಗುತ್ತಿತ್ತು. ನಮ್ಮ ಸೆನ್ಸರ್ ಆರ್ದ್ರತೆಯನ್ನೂ ತೋರಿಸುತ್ತಿತ್ತು. ಆ ಕಾಲಂ ನಾವು ನೋಡಿರಲಿಲ್ಲ, ಗ್ರಾಫಿಗೆ ಒಂದೇ ಕಾಲಂ ಹಾಕಿದ್ದೆವು.

ಮತ್ತೆ ಬಟ್ಟಲಲ್ಲಿ ನೀರು. ಗೋಸುಂಬಿ ನಿಂತ ನೀರನ್ನು ನೀರು ಅಂತ ಗುರುತಿಸುವುದೇ ಕಡಿಮೆ. ಅದು ಕುಡಿಯುವುದು ಎಲೆಯ ಮೇಲಿನ ಹನಿಯನ್ನು. ಮಳೆಗಾಲ ಮುಗಿದ ಮೇಲೆ ನಮ್ಮ ಒಣಭೂಮಿಯಲ್ಲಿ ಎಲೆ ಮೇಲೆ ಹನಿ ಎಲ್ಲಿಂದ ಬರಬೇಕು? ಇಬ್ಬನಿಯಿಂದ. ಮೋಡವಿಲ್ಲದ ರಾತ್ರಿ ಎಲೆ ತನ್ನ ಬಿಸಿಯನ್ನು ಆಕಾಶಕ್ಕೆ ಸೂಸುತ್ತಾ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. 15 ಡಿಗ್ರಿ, ಶೇ. 90ರ ಗಾಳಿಗೆ ಇಬ್ಬನಿ ಬಿಂದು ಸುಮಾರು 13.4. ಎಲೆ ಒಂದೂವರೆ ಡಿಗ್ರಿ ಚಿಲ್ಲರೆ ಇಳಿದರೆ ಸಾಕು, ಹನಿ ಕೂಡುತ್ತದೆ. ಹಿಂಗಾರಿ ಜೋಳ, ಕಡಲಿಯ ಮೇಲೆ ಬಿಳುಪಾಗಿ ಕೂರುವ ಇಬ್ಬನಿ ಇದೇ. ಅಂದರೆ ಥಂಡಿ ಇಲ್ಲದಿದ್ದರೆ ನೀರೂ ಇಲ್ಲ. ನಾವು "ಪಾಪ" ಅಂತ ಯಾವುದನ್ನು ತಪ್ಪಿಸಿದೆವೋ, ಚಳಿಗಾಲದಲ್ಲಿ ಅದಕ್ಕೆ ನೀರು ಕೊಡುತ್ತಿದ್ದದ್ದು ಅದೇ.

ಬೇಲಿ ಈ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತದೆ ಅಂತ ಆಮೇಲೆ ನಾಲ್ವರೂ ನಮ್ಮ ನಮ್ಮ ಊರಲ್ಲಿ ನೋಡತೊಡಗಿದೆವು. ಕಿತ್ತೂರು ಧಾರವಾಡದ ಮಗ್ಗುಲಿಗಿದೆ, ಮಲೆನಾಡಿನ ಅಂಚು, ಮಳೆ ಹೆಚ್ಚು. ಬೈಲಹೊಂಗಲ ಎರೆಭೂಮಿ. ಸವದತ್ತಿಯಲ್ಲಿ ಕಲ್ಲುಗುಡ್ಡ, ಪಕ್ಕದಲ್ಲೇ ನವಿಲುತೀರ್ಥದ ಅಣೆಕಟ್ಟೆಯ ನೀರು. ರಾಮದುರ್ಗಕ್ಕೆ ಬಂದರೆ ಮಲಪ್ರಭೆ ಹರಿದರೂ ಗಾಳಿ ಒಣ. ಒಂದೇ ಜಿಲ್ಲೆ, ನಾಲ್ಕು ಥರದ ರಾತ್ರಿ. ಆದರೆ ಜಾಲಿ, ಬಾರಿ, ಕವಳಿ, ಕಳ್ಳಿ ಬೆಳೆದ ಹಳೆಯ ಬೇಲಿ ನಾಲ್ಕೂ ಕಡೆ ಇದೆ. ಅಂಥ ಬೇಲಿಯ ಒಳಗೆ ಗಾಳಿ ನಿಧಾನ, ತೇವ ಹೆಚ್ಚು. ಮೇಲಿನ ಎಲೆಗಳು ಚಾವಣಿಯಂತೆ ಆಕಾಶವನ್ನು ಮರೆ ಮಾಡುವುದರಿಂದ ಒಳಗಿನ ಕಡ್ಡಿ ಅಷ್ಟು ತಣ್ಣಗಾಗುವುದಿಲ್ಲ. ಗಾಳಿಯಾಡದ ರಾತ್ರಿಯಲ್ಲಿ ತಣ್ಣನೆಯ ಗಾಳಿ ನೆಲಕ್ಕೆ ಇಳಿದು ನಿಲ್ಲುತ್ತದೆ, ನಾಲ್ಕಡಿ ಮೇಲೆ ಸ್ವಲ್ಪ ಬೆಚ್ಚಗೆ. ಗೋಸುಂಬಿಗೆ ಬೇಕಾದದ್ದು ಒಂದು ಸೆಟ್‌ಪಾಯಿಂಟ್ ಅಲ್ಲ, ಇಷ್ಟೆಲ್ಲ ಆಯ್ಕೆ. ಮೇಲೆ, ಕೆಳಗೆ, ಒಳಗೆ, ಹೊರಗೆ ಎಲ್ಲಿ ಕೂರಬೇಕು ಅಂತ ಅದೇ ನಿರ್ಧರಿಸುತ್ತದೆ. ನಮ್ಮ ಡಬ್ಬಿಯಲ್ಲಿ ಇದ್ದದ್ದು ಒಂದೇ ಕಡ್ಡಿ.

ಇನ್ನೊಂದು ವಿಷಯ ಓದಿದಾಗ ನಮಗೆ ನಿಜಕ್ಕೂ ಆಶ್ಚರ್ಯ ಆಯ್ತು. ಚಳಿಯಲ್ಲಿ ಗೋಸುಂಬಿ ಪೂರ್ತಿ ನಿಸ್ಸಹಾಯಕ ಅಲ್ಲ. ಅಮೆರಿಕದ ಸೌತ್ ಫ್ಲೋರಿಡಾ ವಿಶ್ವವಿದ್ಯಾಲಯದ ಇಬ್ಬರು 2010ರಲ್ಲಿ ಇದರ ಮೇಲೆ ಸಂಶೋಧನೆ ಪ್ರಕಟಿಸಿದರು. ಸಾಮಾನ್ಯವಾಗಿ ತಣ್ಣಗಾದ ಸ್ನಾಯು ನಿಧಾನ. ಆದರೆ ಗೋಸುಂಬಿ ನಾಲಿಗೆಯನ್ನು ನೇರವಾಗಿ ಸ್ನಾಯುವಿನಿಂದ ಎಸೆಯೋದಿಲ್ಲ. ಸ್ನಾಯು ನಿಧಾನಕ್ಕೆ ಒಂದು ಸ್ಪ್ರಿಂಗಿನಂಥ ಅಂಗಾಂಶವನ್ನು ಬಿಗಿಯುತ್ತದೆ, ಆಮೇಲೆ ಅದು ಬಿಲ್ಲಿನಂತೆ ಚಿಮ್ಮುತ್ತದೆ. ಸ್ಪ್ರಿಂಗಿಗೆ ಥಂಡಿ ಹೆಚ್ಚು ತಟ್ಟುವುದಿಲ್ಲ. ಅದಕ್ಕೇ 10 ಡಿಗ್ರಿ ಇಳಿದರೂ ನಾಲಿಗೆ ಚಿಮ್ಮುವುದು ಸ್ವಲ್ಪವೇ ನಿಧಾನವಾಗುತ್ತದೆ, ವಾಪಸ್ ಎಳೆದುಕೊಳ್ಳುವ ಕೆಲಸ ಮಾತ್ರ ಬಹಳ ನಿಧಾನವಾಗುತ್ತದೆ, ಅದು ಬರೀ ಸ್ನಾಯುವಿನ ಕೆಲಸವಾದ್ದರಿಂದ. ತಣ್ಣನೆಯ ಬೆಳಿಗ್ಗೆಗೆ ಅಂತಲೇ ಡಿಸೈನ್ ಆದಂತಿರುವ ಪ್ರಾಣಿಗೆ ನಾವು ಬಲ್ಬು ಹಚ್ಚಿ ಉಪಕಾರ ಮಾಡಲು ಹೋಗಿದ್ದೆವು.

ಪಶುವೈದ್ಯರು ಇನ್ನೊಂದು ಮಾತು ಹೇಳಿದರು, ಅದನ್ನು ಕೇಳಿ ನಮ್ಮ ಮೈ ತಣ್ಣಗಾಯಿತು. ನಮ್ಮ ನಾಡಿನ ಗೋಸುಂಬಿ, ಅಂದರೆ ಕಮೀಲಿಯೋ ಝೆಲಾನಿಕಸ್, ಭಾರತದಲ್ಲಿ ಇರುವ ಒಂದೇ ಒಂದು ಜಾತಿಯ ಗೋಸುಂಬಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ. ಹಿಡಿಯುವುದು, ಸಾಕುವುದು, ಮಾರುವುದು ಎಲ್ಲವೂ ಅಪರಾಧ. "ಕಾಪಾಡಲಿಕ್ಕೆ ತಂದೆವು" ಅಂದರೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಅರಣ್ಯ ಇಲಾಖೆಗೆ ತಿಳಿಸಬೇಕು. ಅವರೇ ಫೋನ್ ಮಾಡಿ ಕೇಳಿ, ಎಲೆಯ ಮೇಲೆ ಹನಿ ಹನಿ ನೀರು ಬಿಟ್ಟು ಕುಡಿಸಿ, ಹಿಡಿದ ಜಾಗದಲ್ಲೇ ಬೆಳಕಿರುವಾಗ ಬಿಡಿಸಿದರು. ಆ ದಿನ ನಮ್ಮ ಪುಣ್ಯ ಚೆನ್ನಾಗಿತ್ತು ಅಂತ ಇಟ್ಟುಕೊಳ್ಳಿ. ಎಲ್ಲರದ್ದೂ ಹಾಗೇ ಇರುತ್ತದೆ ಅಂತ ಹೇಳಲಾಗದು.

"ಹಂಗಾರ ಅಂಗಡಿಯಿಂದ ತಂದ ಫಾರಿನ್ ಗೋಸುಂಬಿ ಸಾಕಬಹುದಲ್ಲ?" ಅಂತ ಪಕ್ಕದ ಬ್ಲಾಕಿನವರು ಕೇಳಿದರು. ಯೆಮೆನ್, ಸೌದಿ ಕಡೆಯ ವೇಲ್ಡ್ ಗೋಸುಂಬಿ, ಮಡಗಾಸ್ಕರ್‌ನ ಪ್ಯಾಂಥರ್ ಗೋಸುಂಬಿ ಈಗ ಬೆಂಗಳೂರಿನಂಥ ಊರುಗಳಲ್ಲಿ ಸಾಕುವವರಿದ್ದಾರೆ. ಅವೂ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಯಲ್ಲಿವೆ. 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಅಂಥ ಪ್ರಾಣಿ ಇಟ್ಟುಕೊಂಡವರು ಪರಿವೇಶ್ ಪೋರ್ಟಲ್ಲಿನಲ್ಲಿ ನೋಂದಾಯಿಸಬೇಕು. ಕಾಗದ ಕೊಡದ ಅಂಗಡಿಯಿಂದ ತರುವುದು ಅಂದರೆ ಕಳ್ಳಸಾಗಣೆಗೆ ದುಡ್ಡು ಕೊಟ್ಟಂತೆ. ನಮ್ಮ ಅಭಿಪ್ರಾಯ ಕೇಳಿದರೆ, ಹಾಸ್ಟೆಲಿನಲ್ಲಿ ಇರುವವರು ಇದಕ್ಕೆ ಕೈ ಹಾಕಲೇಬಾರದು. ಇಂಟರ್ನಲ್ಸ್ ವಾರದಲ್ಲಿ ನಮ್ಮ ಊಟವೇ ನಮಗೆ ನೆನಪಿರೋದಿಲ್ಲ.

ಆದರೂ ಕಾಗದಪತ್ರ ಇರುವ ಪ್ರಾಣಿ ಯಾರದಾದರೂ ಮನೆಯಲ್ಲಿ ಈಗಾಗಲೇ ಇದ್ದರೆ, ಚಳಿಗಾಲದ ರಾತ್ರಿಗೆ ನಾವು ಕಲಿತದ್ದು ಇಷ್ಟು. ಆರೋಗ್ಯವಾಗಿರುವ ದೊಡ್ಡ ವೇಲ್ಡ್ ಗೋಸುಂಬಿಗೆ ರಾತ್ರಿ 15ರಿಂದ 20 ಡಿಗ್ರಿ ಸರಿ, ನಮ್ಮ ಕಡೆಯ ಮನೆಯೊಳಗೆ ಹೀಟರ್ ಬೇಕಾಗುವುದೇ ಅಪರೂಪ. ಪ್ಯಾಂಥರ್‌ಗೆ ಸ್ವಲ್ಪ ಹೆಚ್ಚು ಬೆಚ್ಚಗಿರಲಿ. ಮರಿ, ಮೊಟ್ಟೆ ಹೊತ್ತ ಹೆಣ್ಣು, ಕಾಯಿಲೆ ಬಿದ್ದದ್ದು ಇದ್ದರೆ ಸರೀಸೃಪ ಬಲ್ಲ ವೈದ್ಯರನ್ನು ಕೇಳಿ. ಗಾಜಿನ ಪೆಟ್ಟಿಗೆಗಿಂತ ಗಾಳಿಯಾಡುವ ಜಾಲರಿ ಗೂಡು, ತುಂಬಾ ಎಲೆ, ಪೂರ್ತಿ ಕತ್ತಲು. ಆರ್ದ್ರತೆ ರಾತ್ರಿ ಹೆಚ್ಚು, ಹಗಲು ಕಡಿಮೆ. ಬೆಳಕು ಹಾಕುವ ಮುಂಚೆ ಎಲೆಗಳ ಮೇಲೆ ನೀರು ಸಿಂಪಡಿಸಿ, ಅದೇ ಅದರ ಇಬ್ಬನಿ. ಬಿಸಿ ಮತ್ತು ಮಂಜು ಎರಡನ್ನೂ ಒಟ್ಟಿಗೆ, ಗಾಳಿಯಾಡದ ಕಡೆ ಕೊಡಬೇಡಿ, ಶ್ವಾಸಕೋಶಕ್ಕೆ ಸೋಂಕು ತಗಲುವುದು ಅಲ್ಲೇ. ಬೆಳಿಗ್ಗೆ ಕೆಲವು ಗಂಟೆ ಒಂದು ಮೂಲೆಯಲ್ಲಿ ಮಾತ್ರ ಬಲ್ಬಿನ ಬಿಸಿ, ಸುಮಾರು 30 ಡಿಗ್ರಿ. ಅದು ಮೈ ಕಾಯಿಸಿಕೊಂಡ ಮೇಲೇ ಹುಳ ಕೊಡಿ. ಸಂಜೆ ತಿಂದದ್ದು ತಣ್ಣನೆಯ ಹೊಟ್ಟೆಯಲ್ಲಿ ಅರಗದೆ ಉಳಿಯುತ್ತದೆ. ಕಣ್ಣು ಕುಸಿದರೆ, ಬಾಯಿ ತೆರೆದು ಉಸಿರಾಡಿದರೆ, ಸೆಟ್ಟಿಂಗ್ ಬದಲಿಸುತ್ತಾ ಕೂರಬೇಡಿ, ವೈದ್ಯರ ಹತ್ತಿರ ಓಡಿ. ಇಷ್ಟೆಲ್ಲ ಮಾಡಿ ನೀವು ಕಟ್ಟುವುದು ಏನು? ಒಂದು ಬೇಲಿಯ ನಕಲು.

ಅಸಲು ಬೇಲಿಯ ಕತೆ ಏನಾಗುತ್ತಿದೆ ಅಂತ ಕೇಳಬೇಕಾದದ್ದು ಇಲ್ಲೇ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಅಂತ ಗಾದೆ. ಕಳ್ಳನಿಗೆ ಕಳ್ಳ ಸಾಕ್ಷಿ ಅನ್ನುವ ಅರ್ಥದಲ್ಲಿ ಹೇಳುತ್ತಾರೆ. ಆದರೆ ಈಗ ನಮ್ಮ ಊರುಗಳಲ್ಲಿ ಸಾಕ್ಷಿಯೇ ಮಾಯ ಆಗುತ್ತಿದೆ. ಬದು ಬೋಳಿಸಿ ಒಂದು ಸಾಲು ಹೆಚ್ಚು ಬಿತ್ತಬಹುದು ಅಂತ ಜೆಸಿಬಿ ಬರುತ್ತದೆ. ಬಾರಿ, ಕವಳಿ ಇದ್ದ ಕಡೆ ಕಲ್ಲು ಕಂಬ, ತಂತಿ. ತಪ್ಪು ಅಂತ ಸುಲಭಕ್ಕೆ ಹೇಳೋದಕ್ಕೆ ನಮಗೂ ಬಾಯಿ ಬರೋದಿಲ್ಲ, ಯಾಕಂದರೆ ನಮ್ಮಲ್ಲಿ ಇಬ್ಬರ ಫೀಸು ಆ ಹೊಲದಿಂದಲೇ ಬರುತ್ತದೆ. ಹಂದಿ, ದನ ಬೆಳೆಗೆ ನುಗ್ಗುವ ಕಷ್ಟವೂ ಗೊತ್ತು. ತಂತಿ ಹಾಕಲಿ. ಆದರೆ ತಂತಿಯ ಪಕ್ಕ ಒಂದು ಸಾಲು ಮುಳ್ಳುಗಿಡ ಉಳಿಸುವುದಕ್ಕೆ ಖರ್ಚಿಲ್ಲ. ಗೋಸುಂಬಿ ತಿನ್ನುವುದು ಮಿಡತೆ, ಹುಳವನ್ನೇ. ಹೆಣ್ಣು ಮೊಟ್ಟೆ ಇಡಲು ನೆಲಕ್ಕೆ ಇಳಿದು ಮಣ್ಣು ತೋಡಬೇಕು. ಆಗಲೇ ಅದು ರಸ್ತೆಯಲ್ಲಿ, ಬಯಲಲ್ಲಿ ಕಣ್ಣಿಗೆ ಬೀಳುವುದು, ಕಲ್ಲು ತಿನ್ನುವುದು. ಬೇಲಿ ತುಂಡಾದಷ್ಟೂ ಅದು ನೆಲದ ಮೇಲೆ ನಡೆಯಬೇಕಾದ ದೂರ ಹೆಚ್ಚು.

ನಮ್ಮ ಮಾತು ಇಷ್ಟೇ. ಪ್ರೀತಿ ಅಂದರೆ ಬೆಚ್ಚಗಿಡುವುದು ಅಂತ ನಾವು ನಮ್ಮ ಮೈಯಿಂದ ಕಲಿತಿದ್ದೇವೆ. ಎಲ್ಲ ಮೈಗೂ ಅದು ನಿಜವಲ್ಲ. ಎಂಜಿನಿಯರಿಂಗ್ ಕಲಿಯುವವರಿಗೆ ಈ ತಪ್ಪು ಇನ್ನೂ ಸುಲಭ, ಯಾಕಂದರೆ ಏನನ್ನಾದರೂ ಸ್ಥಿರವಾಗಿ ಹಿಡಿದಿಟ್ಟರೆ ನಮಗೆ ಮಾರ್ಕ್ಸ್ ಸಿಗುತ್ತದೆ. ಜೀವಕ್ಕೆ ಬೇಕಾದದ್ದು ಏರಿಳಿತ. ಮಿನಿ ಪ್ರಾಜೆಕ್ಟ್ ಬೇಕಾದರೆ ಪ್ರಾಣಿಯನ್ನು ಡಬ್ಬಿಗೆ ತರಬೇಡಿ, ಸೆನ್ಸರನ್ನು ಬೇಲಿಗೆ ಒಯ್ಯಿರಿ. ಹಳೆಯ ಬೇಲಿಯೊಳಗೊಂದು, ತಂತಿ ಬೇಲಿಗೊಂದು, ನೆಲದ ಹತ್ತಿರ ಒಂದು, ನಾಲ್ಕಡಿ ಎತ್ತರಕ್ಕೆ ಒಂದು. ಕಿತ್ತೂರಿನಿಂದ ರಾಮದುರ್ಗದವರೆಗೆ ಒಂದು ಚಳಿಗಾಲ ಅಳೆದರೆ, ಬೇಲಿ ಉಳಿಸಿ ಅಂತ ರೈತರಿಗೆ ಹೇಳಲು ನಮ್ಮ ಹತ್ತಿರ ಬರೀ ಭಾವನೆ ಅಲ್ಲ, ಅಂಕಿ ಇರುತ್ತದೆ. ನಾವು ಈ ಸಲ ಅದನ್ನೇ ಶುರು ಮಾಡಿದ್ದೇವೆ. ಎರಡೂ ಕಾಲಂ ನೋಡುತ್ತಿದ್ದೇವೆ. ಸೇರಿಕೊಳ್ಳುವವರು ರೂಮಿಗೆ ಬನ್ನಿ.

ಬಿಟ್ಟ ದಿನ ರಾತ್ರಿ ನಾವು ಟಾರ್ಚ್ ಹಿಡಿದು ಆ ಬಾರಿ ಗಿಡದ ಹತ್ತಿರ ಹೋಗಿದ್ದೆವು. ನಾಲ್ವರೂ ಸ್ವೆಟರ್, ಮೇಲೆ ಮಫ್ಲರ್. ಗೋಸುಂಬಿ ಒಂದು ಸಣ್ಣ ಕಡ್ಡಿಯ ತುದಿಯಲ್ಲಿ ಬಾಲ ಸುತ್ತಿಕೊಂಡು, ಮೈಯೆಲ್ಲ ತೆಳು ಬಣ್ಣ ಮಾಡಿಕೊಂಡು ಕಣ್ಣು ಮುಚ್ಚಿತ್ತು. ಐದು ರಾತ್ರಿಗಳಲ್ಲಿ ಅದು ಮಲಗಿದ್ದನ್ನು ನಾವು ನೋಡಿದ್ದು ಆಗಲೇ. ಟಾರ್ಚ್ ಆಫ್ ಮಾಡಿದೆವು. ಬೆಳಿಗ್ಗೆ ಹೋದಾಗ ಅದು ಮುಂದಿನ ಎಲೆಯ ಹನಿಯನ್ನು ನೆಕ್ಕುತ್ತಿತ್ತು. ಮೂರನೇ ದಿನ ಅಲ್ಲಿರಲಿಲ್ಲ. ಬದುಕಿತೋ ಇಲ್ಲವೋ ನಮಗೆ ಗೊತ್ತಿಲ್ಲ. ಆ ಬೇಲಿ ಮಾತ್ರ ಈ ವರ್ಷವೂ ಅಲ್ಲೇ ಇದೆ, ಕಡಿಯಬೇಡಿರಿ ಅಂತ ಗೆಳೆಯನ ಅಪ್ಪನಿಗೆ ನಾಲ್ವರೂ ಹೋಗಿ ಹೇಳಿ ಬಂದಿದ್ದೇವೆ.